ಸ್ವರ್ಗದಲ್ಲಿ ಖಾಲಿ ಇದ್ದ ಒಂದೇ ಹುದ್ದೆ

ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಷಯವನ್ನು ಆಹ್ವಾನ ಪತ್ರಿಕೆಯಲ್ಲಿ ‘ದೇವತೆಗಳ ವಿರುದ್ಧ ಬಂಡೆದ್ದ ಮಂಗ’ ಎಂದು ಅಚ್ಚು ಹಾಕಿಸಿದ್ದಾರೆ. ಶೀರ್ಷಿಕೆ ಚೆನ್ನಾಗಿದೆ, ಜನರನ್ನು ಸೇರಿಸುತ್ತದೆ, ಸೇರಿಸಿಯೂ ಇದೆ. ಆದರೂ ಅದರ ಮೇಲೆ ನನ್ನದೊಂದು ತಕರಾರಿದೆ. ಚೀನಾದ ಈ ಮಂಗರಾಜ ಸುನ್ ವುಕೋಂಗ್ ಸ್ವರ್ಗವನ್ನು ಧ್ವಂಸ ಮಾಡಿದ್ದು ನಿಜ. ಆದರೆ ಸ್ವರ್ಗ ಇರಬಾರದೆಂದು ಅವನು ಒಮ್ಮೆಯೂ ಹೇಳಲಿಲ್ಲ. ಅಲ್ಲಿ ತನಗೆ ತಕ್ಕ ಕುರ್ಚಿ ಸಿಗಲಿಲ್ಲವೆಂಬುದೇ ಅವನ ಸಿಟ್ಟು. ದರ್ಜೆ, ಸಂಬಳ, ಔತಣದ ಕರೆಯೋಲೆ, ಇವಿಷ್ಟರ ಸುತ್ತ ಆ ಮಹಾಯುದ್ಧ ನಡೆಯುತ್ತದೆ.

ಕಥೆ ಇರುವುದು ‘ಷಿಯೋಜಿ’ ಎಂಬ ಕಾದಂಬರಿಯಲ್ಲಿ. ‘ಪಶ್ಚಿಮ ಯಾತ್ರೆ’ ಎನ್ನಬಹುದು. ನೂರು ಅಧ್ಯಾಯಗಳ ದೊಡ್ಡ ಪುಸ್ತಕ. ಮಿಂಗ್ ಅರಸರ ಕಾಲದ್ದು. ಉಳಿದು ಬಂದಿರುವ ಅತಿ ಹಳೆಯ ಮುದ್ರಣ 1592ರದು, ನಾನ್‌ಜಿಂಗ್ ಪಟ್ಟಣದಲ್ಲಿ ಅಚ್ಚಾದದ್ದು. ಅದರ ಮೇಲೆ ಕರ್ತೃವಿನ ಹೆಸರಿಲ್ಲ. ಕಳೆದ ಶತಮಾನದ ವಿದ್ವಾಂಸರು ವು ಚೆಂಗ್‌ಎನ್ ಎಂಬಾತನ ಹೆಸರನ್ನು ಹಿಡಿದರು. ಅದೇ ವಾಡಿಕೆಯಾಗಿದೆ, ತಕರಾರೂ ಮುಗಿದಿಲ್ಲ. ಈ ವು ಚೆಂಗ್‌ಎನ್ ಸರ್ಕಾರಿ ಪರೀಕ್ಷೆಗಳಲ್ಲಿ ಮೇಲಿಂದ ಮೇಲೆ ಸೋತವನು, ಇಳಿವಯಸ್ಸಿನಲ್ಲಿ ಚಾಂಗ್‌ಷಿಂಗ್ ಎಂಬಲ್ಲಿ ಒಂದು ಸಣ್ಣ ಅಧಿಕಾರ ಸಿಕ್ಕಿ, ಅದರಲ್ಲೂ ಹೆಚ್ಚು ದಿನ ನಿಲ್ಲದವನು. ಪುಸ್ತಕ ಅವನದೇ ಆಗಿದ್ದರೆ, ಮುಂದೆ ನಾನು ಹೇಳಲಿರುವ ಪ್ರಸಂಗಗಳನ್ನು ಬರೆಯುವಾಗ ಅವನಿಗೆ ಕಲ್ಪನೆಯ ಶ್ರಮ ಅಷ್ಟೇನೂ ಬಿದ್ದಿರಲಾರದು.

ಯಾತ್ರೆಯ ಮೂಲ ಇತಿಹಾಸದಲ್ಲಿದೆ. ನಮ್ಮ ಶಾಲಾ ಪಠ್ಯದಲ್ಲಿ ಹ್ಯೂಯೆನ್ ತ್ಸಾಂಗ್ ಎಂದು ಓದಿದ ಬೌದ್ಧ ಭಿಕ್ಷು ಏಳನೆಯ ಶತಮಾನದಲ್ಲಿ ಚೀನಾದಿಂದ ಹೊರಟು, ನಾಳಂದದಲ್ಲಿ ಓದಿ, 645ರಲ್ಲಿ 657 ಗ್ರಂಥಗಳ ಹೊರೆಯೊಂದಿಗೆ ಊರಿಗೆ ಮರಳಿದ. ಇಮ್ಮಡಿ ಪುಲಕೇಶಿಯ ರಾಜ್ಯದ ಬಗ್ಗೆ, ಹರ್ಷನಿಗೂ ಬಗ್ಗದ ಅಲ್ಲಿನ ಜನರ ಬಗ್ಗೆ ಅವನು ಬರೆದಿಟ್ಟಿದ್ದಾನೆ. ಒಂಬತ್ತು ನೂರು ವರ್ಷ ಜನರ ಬಾಯಲ್ಲಿ ಬೆಳೆದು ಕಾದಂಬರಿಗೆ ಬರುವ ಹೊತ್ತಿಗೆ ಈ ಗಟ್ಟಿ ಮನುಷ್ಯ ಮಾತುಮಾತಿಗೆ ಅಳುವ ಪುಕ್ಕಲನಾಗಿದ್ದಾನೆ. ಅವನ ಕಾವಲಿಗೆ ಬಂದ ಮಂಗ ಪುಸ್ತಕವನ್ನೇ ಕಿತ್ತುಕೊಂಡಿದ್ದಾನೆ. ಭಿಕ್ಷು ಯಾತ್ರೆಗೆ ಹೊರಡುವುದಕ್ಕೆ ಮೊದಲಿನ ಏಳು ಅಧ್ಯಾಯಗಳು ಪೂರ್ತಿ ಮಂಗನವೇ. ಇವತ್ತು ನಾನು ಹೆಚ್ಚಾಗಿ ನಿಲ್ಲುವುದು ಆ ಏಳರಲ್ಲಿ.

ಪೂರ್ವ ಸಮುದ್ರದಲ್ಲಿ ಹೂಹಣ್ಣಿನ ಬೆಟ್ಟ. ಅದರ ತುದಿಯಲ್ಲಿ ಒಂದು ಬಂಡೆ. ಭೂಮ್ಯಾಕಾಶಗಳ ಸತ್ವ ಹೀರಿ ಹೀರಿ ಆ ಬಂಡೆ ಬಸಿರಾಗಿ ಕಲ್ಲಿನ ಮೊಟ್ಟೆ ಹಾಕಿತು. ಗಾಳಿ ತಗಲಿ ಮೊಟ್ಟೆ ಮಂಗವಾಯಿತು. ಅಪ್ಪನಿಲ್ಲ, ಅಮ್ಮನಿಲ್ಲ, ಕುಲಗೋತ್ರ ಕೇಳಿದರೆ ತೋರಿಸಲು ಒಂದು ಕಲ್ಲು. ಜಲಪಾತದೊಳಕ್ಕೆ ಹಾರಿ ಹಿಂದೆ ಏನಿದೆಯೆಂದು ನೋಡಿ ಬಂದವನೇ ರಾಜ ಎಂದು ಮಂಗಗಳು ಪಂಥ ಕಟ್ಟಿದಾಗ ಇವನು ಹಾರಿದ. ಹಿಂದೆ ವಿಶಾಲವಾದ ಗುಹೆ ಇತ್ತು, ಇವನು ರಾಜನಾದ. ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಹಣ್ಣು ತಿಂದು ಸುಖವಾಗಿದ್ದ. ಒಂದು ದಿನ ಊಟದ ನಡುವೆ ಕಣ್ಣೀರು ಹಾಕಿದ. ಯಾಕೆಂದರೆ, ಎಲ್ಲೋ ಕುಳಿತ ಯಮ ತನ್ನ ಲೆಕ್ಕ ಬರೆದುಕೊಳ್ಳುತ್ತಿದ್ದಾನೆ ಎಂಬ ಯೋಚನೆ ಬಂತು.

ಈ ಅಳು ನಿಜವಾದದ್ದು. ಆಮೇಲಿನ ಪುಂಡಾಟವನ್ನೆಲ್ಲ ನಾವು ಕ್ಷಮಿಸುವುದು ಈ ಅಳುವಿಗಾಗಿ ಎಂದು ನನಗನ್ನಿಸುತ್ತದೆ. ತೆಪ್ಪ ಕಟ್ಟಿಕೊಂಡು ಸಮುದ್ರ ದಾಟುತ್ತಾನೆ, ಗುರುವನ್ನು ಹುಡುಕುತ್ತಾನೆ. ಸಿಕ್ಕ ಗುರುವಿನ ಹೆಸರು ಸುಭೂತಿ. ಬುದ್ಧನ ಶಿಷ್ಯರಲ್ಲೊಬ್ಬನ ಹೆಸರು ಅದು, ಆದರೆ ಈ ಗುರು ಕಲಿಸುವುದು ತಾವೋ ಪಂಥದ ಚಿರಂಜೀವಿ ವಿದ್ಯೆ. ಕಾದಂಬರಿಗೆ ಮತಗಳ ಬೇಲಿ ಹಾರುವುದೆಂದರೆ ಆಟ. ಗುರು ಒಮ್ಮೆ ಸಿಟ್ಟು ಬಂದವನಂತೆ ಇವನ ತಲೆಗೆ ಮೂರು ಏಟು ಹಾಕಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. ಉಳಿದ ಶಿಷ್ಯರು ಇವನನ್ನು ಬೈಯುತ್ತಾರೆ. ಇವನೊಬ್ಬನಿಗೆ ಅರ್ಥವಾಗಿದೆ: ಮೂರನೆಯ ಜಾವಕ್ಕೆ ಹಿತ್ತಿಲ ಬಾಗಿಲಿನಿಂದ ಬಾ. ಹೀಗೆ ಎಪ್ಪತ್ತೆರಡು ರೂಪಾಂತರಗಳನ್ನು ಕಲಿತ, ಒಂದು ಲಾಗಕ್ಕೆ ಒಂದು ಲಕ್ಷದ ಎಂಟು ಸಾವಿರ ‘ಲೀ’ ದೂರ ಹೋಗುವ ಮೋಡದ ವಿದ್ಯೆಯನ್ನೂ ಕಲಿತ. ಒಂದು ‘ಲೀ’ ಸುಮಾರು ಅರ್ಧ ಕಿಲೋಮೀಟರು. ಕಲಿತವನು ಸುಮ್ಮನಿರಬೇಕಲ್ಲ? ಗೆಳೆಯರು ಪುಸಲಾಯಿಸಿದರೆಂದು ದೇವದಾರು ಮರವಾಗಿ ನಿಂತ, ಚಪ್ಪಾಳೆ ಬಿತ್ತು, ಸದ್ದಿಗೆ ಗುರು ಹೊರಬಂದ. ಅವತ್ತೇ ಹೊರಗೆ ಹಾಕಿದ. ಎಲ್ಲಿ ಹೋದರೂ ಅನಾಹುತ ಮಾಡುತ್ತೀಯೆ, ನನ್ನ ಶಿಷ್ಯನೆಂದು ಮಾತ್ರ ಎಲ್ಲೂ ಹೇಳಬೇಡ ಎಂದ. ಗುರುವಿಗೆ ಹುಡುಗನ ಜಾತಕ ಗೊತ್ತಿತ್ತು.

ಊರಿಗೆ ಬಂದವನಿಗೆ ಆಯುಧ ಬೇಕು. ಪೂರ್ವ ಸಮುದ್ರದ ನಾಗರಾಜನ ಅರಮನೆಗೆ ನೆರೆಯವನೆಂದು ಹೇಳಿಕೊಂಡು ಹೋಗಿ, ತೋರಿಸಿದ್ದನ್ನೆಲ್ಲ ಹಗುರ ಹಗುರ ಎಂದು ತಳ್ಳಿ, ಕೊನೆಗೆ ಸಮುದ್ರದ ತಳದಲ್ಲಿ ನೆಟ್ಟಿದ್ದ ಒಂದು ಕಬ್ಬಿಣದ ಕಂಬದ ಮೇಲೆ ಕಣ್ಣು ಹಾಕಿದ. ಪ್ರಳಯದ ನೀರನ್ನು ಹರಿಯಬಿಟ್ಟ ಪುರಾಣಪುರುಷ ಯು ಸಮುದ್ರದ ಆಳ ಅಳೆದ ಕೋಲು ಅದು. ತೂಕ 13,500 ಜಿನ್. ಒಂದು ಜಿನ್ ಅರ್ಧ ಕಿಲೋಗಿಂತ ತುಸು ಹೆಚ್ಚು. ಹೇಳಿದಷ್ಟು ಹಿಗ್ಗುತ್ತದೆ, ಹೇಳಿದಷ್ಟು ಕುಗ್ಗುತ್ತದೆ. ಅದನ್ನು ಸೂಜಿಯಷ್ಟು ಮಾಡಿ ಕಿವಿಯಲ್ಲಿ ಸಿಕ್ಕಿಸಿಕೊಂಡ. ಆಮೇಲೆ ಅದಕ್ಕೊಪ್ಪುವ ಉಡುಪನ್ನೂ ಕೊಡು ಎಂದು ಕೂತ. ನಾಗರಾಜ ತನ್ನ ತಮ್ಮಂದಿರನ್ನು ಕರೆಸಿ, ಕಿರೀಟ, ಕವಚ, ಜೋಡು ಒದಗಿಸಿ ಕೈಮುಗಿದು ಕಳಿಸಿದ.

ಇನ್ನೊಂದು ದಿನ ಕುಡಿದು ಮಲಗಿದ್ದಾಗ ಯಮದೂತರು ಬಂದು ಎಳೆದೊಯ್ದರು. ಯಮಲೋಕದ ಬಾಗಿಲಿಗೆ ಹೋದಾಗ ಎಚ್ಚರವಾಯಿತು. ದೂತರನ್ನು ಬಡಿದು ಒಳನುಗ್ಗಿ, ಲೆಕ್ಕದ ಪುಸ್ತಕ ತರಿಸಿದ. ಗುಮಾಸ್ತ ತಂದ ಕಡತಗಳಲ್ಲಿ ಮನುಷ್ಯರದು ಬೇರೆ, ಪ್ರಾಣಿಗಳದು ಬೇರೆ, ಹಕ್ಕಿಗಳದು ಬೇರೆ. ಇವನ ಹೆಸರು ಯಾವುದರಲ್ಲೂ ಸರಿಯಾಗಿ ಕೂರುವಂಥದ್ದಲ್ಲ, ಹಾಗಾಗಿ ಪ್ರತ್ಯೇಕ ಪುಸ್ತಕ. ಆತ್ಮ ಸಂಖ್ಯೆ 1350, ಕಲ್ಲಿನಿಂದ ಹುಟ್ಟಿದ ಮಂಗ, ಆಯುಸ್ಸು 342 ವರ್ಷ, ಸುಖಮರಣ. ಕುಂಚವನ್ನು ಶಾಯಿಯಲ್ಲಿ ಅದ್ದಿ ತನ್ನ ಹೆಸರು ಹೊಡೆದುಹಾಕಿದ. ಅಲ್ಲಿಗೆ ನಿಲ್ಲಲಿಲ್ಲ. ಪುಸ್ತಕದಲ್ಲಿ ಕಂಡ ಮಂಗಗಳ ಹೆಸರನ್ನೆಲ್ಲ ಹೊಡೆದ. ಅವನ ಇಡೀ ಜೀವನದಲ್ಲಿ ನಿಜಕ್ಕೂ ಬಂಡಾಯ ಎನ್ನಬಹುದಾದ ಕೆಲಸವಿದ್ದರೆ ಇದೊಂದೇ ಎಂಬುದು ನನ್ನ ಎಣಿಕೆ. ಇಲ್ಲಿ ಅವನು ತನಗೊಂದು ಜಾಗ ಕೇಳುತ್ತಿಲ್ಲ. ಪುಸ್ತಕವನ್ನೇ ಕೆಡಿಸುತ್ತಿದ್ದಾನೆ, ತನ್ನವರ ಸಲುವಾಗಿಯೂ ಕೆಡಿಸುತ್ತಿದ್ದಾನೆ.

ಸ್ವರ್ಗಕ್ಕೆ ಇದೆಲ್ಲ ತಿಳಿದದ್ದು ಹೇಗೆ ಅನ್ನುತ್ತೀರಿ? ದಿವ್ಯದೃಷ್ಟಿಯಿಂದಲ್ಲ. ಲಿಖಿತ ದೂರಿನಿಂದ. ನಾಗರಾಜನದೊಂದು ಅರ್ಜಿ, ಯಮಲೋಕದಿಂದ ಇನ್ನೊಂದು. ಸ್ವರ್ಗದ ಒಡೆಯನಾದ ಜೇಡ್ ಚಕ್ರವರ್ತಿ ಎರಡನ್ನೂ ಓದಿಸಿ ಕೇಳಿ, ಕ್ರಮ ಕೈಗೊಳ್ಳಲಾಗುವುದು ಎಂದು ಅರ್ಜಿದಾರರನ್ನು ಸಾಗಹಾಕುತ್ತಾನೆ. ಸೈನ್ಯ ಕಳಿಸುವ ಮಾತು ಬಂದಾಗ ಶುಕ್ರಗ್ರಹದ ಅಧಿದೇವತೆಯಾದ ಒಬ್ಬ ಮುದುಕ ಮುಂದೆ ಬರುತ್ತಾನೆ. ನಯವಾದ ಮಾತಿನವನು, ಎಲ್ಲ ಆಡಳಿತಗಳಲ್ಲೂ ಇಂಥವನೊಬ್ಬ ಇರುತ್ತಾನೆ. ಯುದ್ಧವೇಕೆ, ಇಲ್ಲೇ ಒಂದು ಕೆಲಸ ಕೊಟ್ಟು ಹಾಜರಿ ಪುಸ್ತಕಕ್ಕೆ ಹೆಸರು ಸೇರಿಸಿಬಿಡೋಣ. ವಿಧೇಯನಾಗಿದ್ದರೆ ಬಡ್ತಿ, ಬಾಲ ಬಿಚ್ಚಿದರೆ ಇಲ್ಲೇ ಹಿಡಿಯಬಹುದು ಎಂದು ಸಲಹೆ ಕೊಡುತ್ತಾನೆ.

ಮಂಗ ಖುಷಿಯಿಂದಲೇ ಬಂದ. ಚಕ್ರವರ್ತಿ ಖಾಲಿ ಹುದ್ದೆ ಯಾವುದಿದೆ ನೋಡಿ ಎಂದ. ಯಾವ ಅರಮನೆಯಲ್ಲೂ, ಯಾವ ಇಲಾಖೆಯಲ್ಲೂ ಜಾಗವಿಲ್ಲ. ಕುದುರೆ ಲಾಯಕ್ಕೆ ಮಾತ್ರ ಮೇಲ್ವಿಚಾರಕನಿಲ್ಲ ಎಂಬ ಉತ್ತರ ಬಂತು. ಹಾಗೆ ಆದೇಶವಾಯಿತು. ಲಾಯದಲ್ಲಿ ಮಂಗ ಇದ್ದರೆ ಕುದುರೆಗಳಿಗೆ ರೋಗ ಬರುವುದಿಲ್ಲ ಎಂಬ ನಂಬಿಕೆ ಹಳೆಯ ಚೀನಾದಲ್ಲಿತ್ತು, ನಿಜವಾಗಿ ಕಟ್ಟುತ್ತಲೂ ಇದ್ದರು. ಮಿಂಗ್ ಕಾಲದ ಓದುಗ ಇಲ್ಲಿಗೆ ಬರುತ್ತಲೇ ನಕ್ಕಿರುತ್ತಾನೆ. ನಗೆ ಅರ್ಥವಾಗದವನು ಮಂಗ ಒಬ್ಬನೇ.

ಮುಂದಿನ ಎರಡು ಪುಟಗಳನ್ನು ನಾನು ಎಷ್ಟು ಸಲ ಓದಿದರೂ ಬೇಸರವಾಗಿಲ್ಲ. ಅವನು ಕೆಲಸ ಚೆನ್ನಾಗಿ ಮಾಡುತ್ತಾನೆ! ಸಾವಿರ ದೇವಾಶ್ವಗಳ ಪಟ್ಟಿ ತರಿಸಿ ಪರಿಶೀಲಿಸುತ್ತಾನೆ, ಹಗಲು ರಾತ್ರಿ ನಿದ್ದೆಗೆಟ್ಟು ನೋಡಿಕೊಳ್ಳುತ್ತಾನೆ, ಮಲಗಿದ ಕುದುರೆಯನ್ನು ಎಬ್ಬಿಸಿ ಮೇಯಿಸುತ್ತಾನೆ. ಕುದುರೆಗಳು ಇವನನ್ನು ಕಂಡರೆ ಕಿವಿ ನಿಗುರಿಸುತ್ತವೆ, ಮೈ ತುಂಬಿಕೊಳ್ಳುತ್ತವೆ. ಅರ್ಧ ತಿಂಗಳಾದ ಮೇಲೆ ಸಹೋದ್ಯೋಗಿಗಳು ಬಿಡುವು ಮಾಡಿಕೊಂಡು ಹೊಸ ಅಧಿಕಾರಿಗೆ ಸಣ್ಣದೊಂದು ಔತಣ ಏರ್ಪಡಿಸುತ್ತಾರೆ. ಎಲ್ಲರೂ ನಗುನಗುತ್ತಾ ಕುಡಿಯುತ್ತಿರುವಾಗ ಮಂಗ ಬಟ್ಟಲನ್ನು ಕೈಯಲ್ಲೇ ಹಿಡಿದು ಕೇಳುತ್ತಾನೆ: ಅಂದಹಾಗೆ, ನನ್ನ ಈ ಹುದ್ದೆ ಯಾವ ದರ್ಜೆಯದು? ದರ್ಜೆ ಇಲ್ಲ ಎನ್ನುತ್ತಾರೆ. ದರ್ಜೆಗೂ ಸಿಗದಷ್ಟು ದೊಡ್ಡದೆಂದು ಕಾಣುತ್ತದೆ ಎನ್ನುತ್ತಾನೆ ಪಾಪದವನು. ಇಲ್ಲ, ದರ್ಜೆಯ ಪಟ್ಟಿಗೇ ಸೇರದ್ದು, ಎಲ್ಲಕ್ಕಿಂತ ಕೆಳಗಿನದು. ಕುದುರೆ ಕೊಬ್ಬಿದರೆ ‘ಪರವಾಗಿಲ್ಲ’ ಎನ್ನುತ್ತಾರೆ, ಬಡಕಲಾದರೆ ಬೈಯುತ್ತಾರೆ, ಗಾಯವಾದರೆ ಶಿಕ್ಷೆ ಕೊಡುತ್ತಾರೆ ಎಂದು ವಿವರಿಸುತ್ತಾರೆ.

ಮಿಂಗ್ ಆಡಳಿತದಲ್ಲಿ ಅಧಿಕಾರಿಗಳಿಗೆ ಒಂಬತ್ತು ದರ್ಜೆಗಳು, ಒಂದೊಂದರಲ್ಲಿ ಎರಡು ಮೆಟ್ಟಿಲು. ಹದಿನೆಂಟಕ್ಕೂ ಕೆಳಗೆ, ಲೆಕ್ಕಕ್ಕೆ ಬಾರದ ಸಿಬ್ಬಂದಿ. ಸ್ವರ್ಗದಲ್ಲೂ ಅದೇ ವ್ಯವಸ್ಥೆ. ಮಂಗ ಹಲ್ಲು ಕಡಿದು, ಊಟದ ಮೇಜನ್ನು ಒದ್ದು ಉರುಳಿಸಿ, ಕಿವಿಯಿಂದ ಕೋಲು ತೆಗೆದು, ಸ್ವರ್ಗದ ದಕ್ಷಿಣ ದ್ವಾರದಿಂದ ಹೊರಗೆ ನಡೆದ. ದ್ವಾರಪಾಲಕರು ತಡೆಯಲಿಲ್ಲ, ಅವನ ಹೆಸರು ಸಿಬ್ಬಂದಿ ಪಟ್ಟಿಯಲ್ಲಿತ್ತು. ಗಮನಿಸಿ, ಈ ಹದಿನೈದು ದಿನವೂ ಅವನು ಸಂತೋಷವಾಗಿಯೇ ಇದ್ದ. ದುಡಿಮೆ ಅವನಿಗೆ ಭಾರವಾಗಿರಲಿಲ್ಲ, ಕುದುರೆಗಳೂ ಅಷ್ಟೇ. ಭಾರವಾದದ್ದು ಔತಣದಲ್ಲಿ ಕೇಳಿಬಂದ ಒಂದು ಆಡಳಿತಾತ್ಮಕ ಮಾಹಿತಿ.

ಊರಿಗೆ ಮರಳಿ ಬಾವುಟ ಹಾರಿಸಿದ: ‘ಸ್ವರ್ಗಕ್ಕೆ ಸಮನಾದ ಮಹರ್ಷಿ’. ಈ ಬಿರುದೂ ಸ್ವಂತದ್ದಲ್ಲ, ಭಟ್ಟಂಗಿಯಾಗಿ ಬಂದ ಒಂಟಿಕೊಂಬಿನ ರಾಕ್ಷಸ ಸೂಚಿಸಿದ್ದು. ಹಿಡಿಯಲು ಬಂದ ಸೇನಾಪತಿ ಲೀ ಜಿಂಗ್, ಅವನ ಮಗ ನೆಜಾ. ಕೈಯಲ್ಲಿ ಗೋಪುರ ಹಿಡಿದ ಈ ಲೀ ಜಿಂಗ್‌ನಲ್ಲಿ ಬೌದ್ಧರ ವೈಶ್ರವಣ, ಅಂದರೆ ನಮ್ಮ ಕುಬೇರ, ಸೇರಿಕೊಂಡಿದ್ದಾನೆ; ನೆಜಾ ಮೂಲತಃ ಕುಬೇರನ ಮಗ ನಳಕೂಬರ. ನಮ್ಮವರು ಅಲ್ಲಿ ಪೊಲೀಸು ಇಲಾಖೆಯಲ್ಲಿದ್ದಾರೆ. ಇಬ್ಬರೂ ಸೋತು ಹಿಂದಿರುಗಿದರು. ಮತ್ತೆ ಅದೇ ಶುಕ್ರನ ಮುದುಕ ಎದ್ದು ನಿಂತ: ಅವನು ಕೇಳಿದ ಬಿರುದನ್ನೇ ಕೊಡೋಣ, ಅಧಿಕಾರವಿಲ್ಲ, ಸಂಬಳವಿಲ್ಲ, ಬರೀ ಬಿರುದು. ಮಂಗ ಒಪ್ಪಿದ! ಅವನಿಗೊಂದು ಭವನ ಕಟ್ಟಿಸಿದರು, ಅದರಲ್ಲಿ ಎರಡು ಕಚೇರಿಗಳು, ಒಂದರ ಹೆಸರು ಶಾಂತಿ, ಇನ್ನೊಂದರದು ನೆಮ್ಮದಿ. ಸಂಬಳವಿಲ್ಲದ್ದನ್ನು ಅವನು ಕೇಳಲೇ ಇಲ್ಲ. ಮೊದಲ ಸಲ ದರ್ಜೆ ಕೇಳಿ ಸಿಟ್ಟಾದವನು ಎರಡನೆಯ ಸಲ ಹೆಸರಿನ ಹೊಳಪಿಗೆ ಮರುಳಾದ.

ಕೆಲಸವಿಲ್ಲದೆ ನಕ್ಷತ್ರಗಳ ಮನೆ ಮನೆ ತಿರುಗುತ್ತಿದ್ದಾನೆ, ಏನಾದರೂ ಹಚ್ಚಿ ಎಂದು ಯಾರೋ ದೂರಿದರು. ಪೀಚ್ ತೋಟ ನೋಡಿಕೊಳ್ಳಲು ಹಚ್ಚಿದರು. ಮಂಗನಿಗೆ ಹಣ್ಣಿನ ತೋಟ! ಒಟ್ಟು 3,600 ಮರ. ಮುಂದಿನ 1,200 ಮರಗಳು ಮೂರು ಸಾವಿರ ವರ್ಷಕ್ಕೊಮ್ಮೆ ಹಣ್ಣಾಗುತ್ತವೆ, ನಡುವಿನವು ಆರು ಸಾವಿರಕ್ಕೆ, ಹಿಂದಿನವು ಒಂಬತ್ತು ಸಾವಿರಕ್ಕೆ. ಆ ಕೊನೆಯ ಸಾಲಿನ ಹಣ್ಣು ತಿಂದವರು ಭೂಮಿ ಆಕಾಶ ಇರುವ ತನಕ ಇರುತ್ತಾರೆ. ಒಳ್ಳೆಯವನ್ನೆಲ್ಲ ಅವನೇ ಮುಗಿಸಿದ. ಪಶ್ಚಿಮದ ಮಹಾರಾಣಿಯ ಔತಣಕ್ಕೆ ಹಣ್ಣು ಕೀಳಲು ಏಳು ಬಣ್ಣದ ಸೀರೆಯುಟ್ಟ ಏಳು ಅಪ್ಸರೆಯರು ಬುಟ್ಟಿ ಹಿಡಿದು ಬಂದಾಗ ಹಿಂದಿನ ಸಾಲಿನಲ್ಲಿ ಕಾಯಿ ಮಾತ್ರ ಉಳಿದಿದ್ದವು. ಅವನು ಕೇಳಿದ್ದು ಒಂದೇ ಪ್ರಶ್ನೆ: ಯಾರು ಯಾರನ್ನು ಕರೆದಿದ್ದಾರೆ? ಅವರು ಪಟ್ಟಿ ಒಪ್ಪಿಸಿದರು. ಬುದ್ಧ, ಬೋಧಿಸತ್ವರು, ದಿಕ್ಕಿನ ಒಡೆಯರು, ಮೇಲಿನ ಕೆಳಗಿನ ಎಲ್ಲ ಅರಮನೆಗಳ ದೇವತೆಗಳು. ನನ್ನ ಹೆಸರು? ಕೇಳಿಲ್ಲವಲ್ಲ ಎಂದರು. ಅವರನ್ನು ನಿಂತಲ್ಲೇ ಕಂಬ ಮಾಡಿ, ಔತಣದ ಮನೆಗೆ ಅತಿಥಿಗಳಿಗಿಂತ ಮೊದಲೇ ಹೋಗಿ, ಮದ್ಯವನ್ನೆಲ್ಲ ಕುಡಿದು, ದಾರಿ ತಪ್ಪಿ ತಾವೋ ಪಂಥದ ಮೂಲಗುರು ಲಾವೋತ್ಸೆಯ ಮನೆ ಹೊಕ್ಕು, ಐದು ಸೋರೆಬುರುಡೆ ತುಂಬ ಇದ್ದ ಅಮರತ್ವದ ಗುಳಿಗೆಗಳನ್ನು ಹುರಿಗಾಳು ಮೆದ್ದ ಹಾಗೆ ಮೆದ್ದ.

ಆಮೇಲೆ ಒಂದು ಲಕ್ಷ ದೇವಸೈನ್ಯ, ಯುದ್ಧ. ಯುದ್ಧದ ವರ್ಣನೆಯನ್ನು ಬಿಡುತ್ತೇನೆ. ಒಂದು ತುಣುಕು ಮಾತ್ರ. ಚಕ್ರವರ್ತಿಯ ಸೋದರಳಿಯ ಎರ್‌ಲಾಂಗ್‌ನೂ ಮಂಗನೂ ರೂಪ ಬದಲಿಸಿ ಬದಲಿಸಿ ಕಾದುತ್ತಾರೆ. ಇವನು ಗುಬ್ಬಿ, ಅವನು ಗಿಡುಗ. ಇವನು ಮೀನು, ಅವನು ಮೀನು ಹಿಡಿಯುವ ಹದ್ದು. ಕೊನೆಗೆ ಮಂಗ ಬೆಟ್ಟದಿಂದ ಉರುಳಿ ಒಂದು ಗುಡಿಯಾಗಿ ನಿಲ್ಲುತ್ತಾನೆ. ತೆರೆದ ಬಾಯಿ ಬಾಗಿಲು, ಹಲ್ಲು ಕದ, ನಾಲಗೆ ಒಳಗಿನ ವಿಗ್ರಹ, ಕಣ್ಣು ಕಿಟಕಿ. ಬಾಲವನ್ನು ಏನು ಮಾಡುವುದು? ಹಿಂದೆ ನೆಟ್ಟಗೆ ನಿಲ್ಲಿಸಿ ಧ್ವಜಸ್ತಂಭ ಮಾಡಿದ. ಎರ್‌ಲಾಂಗ್ ಬಂದು ನೋಡಿ ನಕ್ಕ: ಧ್ವಜಸ್ತಂಭ ಹಿಂಬದಿಗಿರುವ ಗುಡಿಯನ್ನು ನಾನೆಲ್ಲೂ ಕಂಡಿಲ್ಲ, ಮೊದಲು ಕಿಟಕಿಗೆ ಗುದ್ದುತ್ತೇನೆ, ಆಮೇಲೆ ಕದ ಒದೆಯುತ್ತೇನೆ. ಕಣ್ಣು ಹಲ್ಲು ಹೋಗುತ್ತವೆಂದು ಮಂಗ ಹಾರಿ ಮಾಯವಾದ. ಕೊನೆಗೆ ಮೇಲಿನಿಂದ ಲಾವೋತ್ಸೆ ಎಸೆದ ಬಳೆ ತಲೆಗೆ ಬಡಿದು, ಎರ್‌ಲಾಂಗ್‌ನ ನಾಯಿ ಮೀನಖಂಡ ಕಚ್ಚಿ ಸಿಕ್ಕಿಬಿದ್ದ. ಕುಲುಮೆಯಲ್ಲಿ 49 ದಿನ ಇಟ್ಟರೂ ಕರಗಲಿಲ್ಲ. ಹೊಗೆಗೆ ಕಣ್ಣು ಕೆಂಪಾದದ್ದಷ್ಟೇ.

ಬುದ್ಧ ಬಂದ. ಏನು ಬೇಕಪ್ಪಾ ನಿನಗೆ ಎಂದು ಕೇಳಿದ. ಮಂಗ ಕೊಟ್ಟ ಉತ್ತರ ಚೀನಾದಲ್ಲಿ ನಾಣ್ಣುಡಿಯಂತೆ ಬಳಕೆಯಲ್ಲಿದೆ: ಚಕ್ರವರ್ತಿ ಪಟ್ಟ ಸರದಿಯಂತೆ ಬರುತ್ತದೆ, ಬರುವ ವರ್ಷ ನಮ್ಮ ಮನೆಗೆ. ಸಿಂಹಾಸನ ಬೇಡ ಎಂದಲ್ಲ, ನನಗೆ ಬಿಟ್ಟುಕೊಡಿ ಎಂದು! ನನ್ನ ಅಂಗೈಯಿಂದ ಹಾರಿ ಹೊರಗೆ ಹೋಗು, ಪಟ್ಟ ನಿನ್ನದೇ ಎಂದ ಬುದ್ಧ. ಹಾರಿದ. ಆಕಾಶದ ಕೊನೆಯಲ್ಲಿ ಮಾಂಸವರ್ಣದ ಐದು ಕಂಬ ಕಂಡವು. ನಡುವಿನ ಕಂಬದ ಮೇಲೆ ‘ಸ್ವರ್ಗಕ್ಕೆ ಸಮನಾದ ಮಹರ್ಷಿ ಇಲ್ಲಿಗೆ ಬಂದಿದ್ದ’ ಎಂದು ಬರೆದು, ಪ್ರವಾಸಿ ತಾಣಗಳಲ್ಲಿ ನಮ್ಮವರು ಮಾಡುವಂತೆಯೇ ಮೊದಲ ಕಂಬದ ಬುಡದಲ್ಲಿ ಮೂತ್ರವನ್ನೂ ಮಾಡಿ ಹಿಂದಿರುಗಿದ. ಅವು ಬುದ್ಧನ ಬೆರಳುಗಳು. ಬುದ್ಧನ ಕೈ ಐದು ಬೆಟ್ಟಗಳಾಗಿ ಅವನ ಮೇಲೆ ಕೂತಿತು. ಮೇಲೆ ‘ಓಂ ಮಣಿ ಪದ್ಮೇ ಹೂಂ’ ಎಂಬ ಮಂತ್ರದ ಚೀಟಿ. ಹಸಿದರೆ ಕಬ್ಬಿಣದ ಗುಂಡು, ಬಾಯಾರಿದರೆ ಕರಗಿದ ತಾಮ್ರ. ಐದು ನೂರು ವರ್ಷ.

ಇಷ್ಟು ಹೊತ್ತು ನಿಮ್ಮಲ್ಲಿ ಹಲವರ ಮನಸ್ಸಿನಲ್ಲಿ ಹನುಮಂತ ಓಡಾಡುತ್ತಿದ್ದಾನೆ, ಗೊತ್ತು. ಅಂಜನಾದ್ರಿ ಇರುವ ನಾಡಿನವರಿಗೆ ಇದು ಸಹಜ. ಚೀನೀಯರಿಗೇ ಈ ಅನುಮಾನ ಬಂದಿತ್ತು. 1923ರಲ್ಲಿ ಹು ಷಿ ಎಂಬ ವಿದ್ವಾಂಸ, ಇವನ ಬೇರು ರಾಮಾಯಣದ ಹನುಮಂತನಲ್ಲಿದೆ ಎಂದ. ಕಥೆಗಾರ ಲು ಷುನ್ ಒಪ್ಪಲಿಲ್ಲ. ಹುವಾಯ್ ನದಿಯ ಕೋತಿರೂಪದ ಜಲರಾಕ್ಷಸನನ್ನು ಅದೇ ಪುರಾಣಪುರುಷ ಯು ಒಂದು ಬೆಟ್ಟದ ಬುಡದಲ್ಲಿ ಸರಪಳಿಯಿಂದ ಕಟ್ಟಿದ ಸ್ಥಳೀಯ ಕಥೆಯನ್ನು ತೋರಿಸಿದ. ವಾಲ್ಮೀಕಿ ರಾಮಾಯಣವನ್ನು ಚೀನೀ ಭಾಷೆಗೆ ತಂದ ಜಿ ಷಿಯಾನ್‌ಲಿನ್ ಹನುಮಂತನ ಪರ ನಿಂತರು. ಮೂರನೆಯ ಶತಮಾನದಷ್ಟು ಹಿಂದೆಯೇ ರಾಮಕಥೆಯ ಒಂದು ಬೌದ್ಧ ರೂಪ ಚೀನೀ ಭಾಷೆಗೆ ಹೋಗಿತ್ತು. ಅಲ್ಲಿ ರಾಜನ ಹೆಂಡತಿಯನ್ನು ನಾಗನೊಬ್ಬ ಕದಿಯುತ್ತಾನೆ, ಮಂಗಗಳು ಸಹಾಯಕ್ಕೆ ಬರುತ್ತವೆ. ಹನುಮಂತ ಸಣ್ಣವನಾಗಿ ಸುರಸೆಯ ಬಾಯಿ ಹೊಕ್ಕು ಬಂದಂತೆ ವುಕೋಂಗ್ ಹುಳುವಾಗಿ ಬೀಸಣಿಗೆಯ ರಾಣಿಯ ಹೊಟ್ಟೆ ಸೇರಿ ಕುಣಿಯುತ್ತಾನೆ. ಮೈಕಟ್ಟು, ಲಂಘನ, ಉಪಾಯ ಎಲ್ಲ ಅಲ್ಲಿಂದ ಬಂದಿರಬಹುದು ಎಂದು ನಾನೂ ನಂಬುತ್ತೇನೆ. ಸ್ವಭಾವ ಮಾತ್ರ ಬಂದಿಲ್ಲ. ಹನುಮಂತ ಲಂಕೆ ಸುಟ್ಟದ್ದು ಸ್ವಾಮಿಕಾರ್ಯದ ನಡುವೆ. ಸುಗ್ರೀವನ ಆಸ್ಥಾನದಲ್ಲಿ ತನ್ನದು ಎಷ್ಟನೆಯ ದರ್ಜೆ ಎಂದು ಅವನು ಕೇಳಿದ್ದನ್ನು ನಾವು ಊಹಿಸಲೂ ಆರೆವು.

ಇಪ್ಪತ್ತನೆಯ ಶತಮಾನದಲ್ಲಿ ಈ ಮಂಗನಿಗೆ ಒಂದು ವಿಚಿತ್ರ ಬಡ್ತಿ ಸಿಕ್ಕಿತು. ಮಾವೋಗೆ ಅವನೆಂದರೆ ಇಷ್ಟ. 1961ರ ಒಂದು ಕವಿತೆಯಲ್ಲಿ ಚಿನ್ನದ ಮಂಗ ಕೋಲು ಬೀಸುತ್ತಾನೆ. 1966ರಲ್ಲಿ, ಸಾಂಸ್ಕೃತಿಕ ಕ್ರಾಂತಿ ಶುರುವಾಗುವ ಹೊತ್ತಿಗೆ, ಪಕ್ಷದ ಕೇಂದ್ರದ ಮೇಲೆ ಬೀಳಲು ಪ್ರಾಂತ್ಯಗಳಿಂದ ಇನ್ನಷ್ಟು ಸುನ್ ವುಕೋಂಗ್‌ಗಳು ಬರಲಿ, ಸ್ವರ್ಗದಲ್ಲಿ ದಾಂಧಲೆಯಾಗಲಿ ಎಂದ ಮಾವೋ. ಅದೇ ವರ್ಷದ ಜೂನ್‌ನಲ್ಲಿ ಬೀಜಿಂಗ್‌ನ ಚಿಂಗ್‌ಹುವಾ ಮಾಧ್ಯಮಿಕ ಶಾಲೆಯ ಹುಡುಗರು ಗೋಡೆಗೆ ಅಂಟಿಸಿದ ದೊಡ್ಡಕ್ಷರದ ಬರಹದಲ್ಲಿ, ಕ್ರಾಂತಿಕಾರಿಗಳೇ ಮಂಗರಾಜರು, ಹಳೆಯ ಲೋಕವನ್ನು ತಲೆಕೆಳಗು ಮಾಡುತ್ತೇವೆ ಎಂದು ಬರೆದರು. 1968ರ ಕೊನೆಗೆ ಅಂಥ ಹುಡುಗ ಹುಡುಗಿಯರನ್ನು ಲಕ್ಷ ಲಕ್ಷ ಸಂಖ್ಯೆಯಲ್ಲಿ ರೈಲು ಹತ್ತಿಸಿ ಹಳ್ಳಿಗಳಿಗೆ, ಗುಡ್ಡಗಾಡುಗಳಿಗೆ ಕಳಿಸಲಾಯಿತು. ಕೋಲು ಬೀಸಲು ಹುರಿದುಂಬಿಸಿದ್ದೂ ಬೆಟ್ಟ ಹೇರಿದ್ದೂ ಒಂದೇ ಕೈ. ಶಾಂಘೈಯಲ್ಲಿ 1961 ಮತ್ತು 1964ರಲ್ಲಿ ಎರಡು ಭಾಗವಾಗಿ ತಯಾರಾದ ಪ್ರಸಿದ್ಧ ಅನಿಮೇಷನ್ ಚಿತ್ರದಲ್ಲಂತೂ ಬುದ್ಧ ಬರುವುದೇ ಇಲ್ಲ. ಸ್ವರ್ಗವನ್ನು ಚಿಂದಿ ಮಾಡಿ ಮಂಗ ಜಯಶಾಲಿಯಾಗಿ ಊರಿಗೆ ಹೋಗುತ್ತಾನೆ. ಚಿತ್ರ ಅದ್ಭುತವಾಗಿದೆ, ನೋಡಿ. ಕಥೆಯ ಅರ್ಧವನ್ನು ಕತ್ತರಿಸಿದ್ದಾರೆ ಎಂಬುದನ್ನು ನೆನಪಿಟ್ಟುಕೊಂಡು ನೋಡಿ.

ಉಳಿದರ್ಧ ಏನು? ಭಿಕ್ಷು ಬಂದು ಬೆಟ್ಟದಿಂದ ಬಿಡಿಸುತ್ತಾನೆ. ಬಿಟ್ಟ ಸ್ವಲ್ಪದರಲ್ಲೇ ಮಂಗ ಆರು ದರೋಡೆಕೋರರನ್ನು ಕೊಂದು, ಬೈದದ್ದಕ್ಕೆ ಮುನಿಸಿಕೊಂಡು ಹೋಗುತ್ತಾನೆ. ಹಿಂದಿರುಗಿದಾಗ ಉಪಾಯದಿಂದ ಅವನ ತಲೆಗೆ ಚಿನ್ನದ ಪಟ್ಟಿ ತೊಡಿಸುತ್ತಾರೆ. ಭಿಕ್ಷು ಮಂತ್ರ ಹೇಳಿದರೆ ಅದು ಬಿಗಿಯುತ್ತದೆ. ಬುದ್ಧನ ಊರಿಗೂ ದೂರ ಒಂದು ಲಕ್ಷದ ಎಂಟು ಸಾವಿರ ‘ಲೀ’, ಅಂದರೆ ಅವನಿಗೆ ಸರಿಯಾಗಿ ಒಂದೇ ಲಾಗ. ಆದರೂ ಮಣ್ಣಿನ ಮೈಯ ಗುರುವನ್ನು ಹೊತ್ತು ಹಾರಲಾಗದೆ ಹದಿನಾಲ್ಕು ವರ್ಷ ಜೊತೆಯಲ್ಲಿ ನಡೆಯುತ್ತಾನೆ. ದಾರಿಯಲ್ಲಿ ಯಾವ ರಾಕ್ಷಸ ಎದುರಾದರೂ ಮೊದಲು ಹೇಳಿಕೊಳ್ಳುವುದು ಸ್ವರ್ಗ ಪುಡಿಮಾಡಿದ ಕಥೆ. ರಾಕ್ಷಸರು ಅವನನ್ನು ಕೆಣಕಲು ಬಳಸುವುದೂ ಒಂದೇ ಬೈಗುಳ: ಎಲೋ ಕುದುರೆ ಲಾಯದವನೇ!

ತಲುಪಿದ ಮೇಲಿನದ್ದು ನನಗೆ ಬಹಳ ಪ್ರಿಯವಾದ ಭಾಗ. ಗೃಧ್ರಕೂಟದಲ್ಲಿ ಗ್ರಂಥ ಕೊಡಬೇಕಾದ ಆನಂದ, ಕಾಶ್ಯಪ ಇಬ್ಬರೂ ನಮಗೇನು ತಂದಿದ್ದೀರಿ ಎಂದು ಕೇಳುತ್ತಾರೆ. ಬುದ್ಧನ ಸಾಕ್ಷಾತ್ ಶಿಷ್ಯರು! ಏನೂ ತಂದಿಲ್ಲವೆಂದಾಗ ಬರಿ ಹಾಳೆಗಳ ಕಟ್ಟು ಕೊಟ್ಟು ಕಳಿಸುತ್ತಾರೆ. ದಾರಿಯಲ್ಲಿ ಗುಟ್ಟು ಬಯಲಾಗಿ, ಮಂಗ ಹಿಂದಿರುಗಿ ಬುದ್ಧನ ಮುಂದೆಯೇ ದೂರು ಹೇಳುತ್ತಾನೆ. ಬುದ್ಧ ನಗುತ್ತಾನೆ: ನನಗೆ ಗೊತ್ತು, ಹಿಂದೆ ಶ್ರಾವಸ್ತಿಯಲ್ಲಿ ಒಂದು ಮನೆಯಲ್ಲಿ ಪಾರಾಯಣ ಮಾಡಿ ಮೂರು ಕೊಳಗದ ಮೇಲೆ ತುಸು ಚಿನ್ನ ತಂದಾಗ, ಬಹಳ ಅಗ್ಗಕ್ಕೆ ಕೊಟ್ಟಿರಿ ಎಂದು ಇವರಿಗೆ ನಾನೇ ಹೇಳಿದ್ದೆ. ಕೊನೆಗೆ ಭಿಕ್ಷು, ಚೀನಾದ ಚಕ್ರವರ್ತಿ ಕೊಟ್ಟ ಚಿನ್ನದ ಭಿಕ್ಷಾಪಾತ್ರೆಯನ್ನು ಕೊಟ್ಟ ಮೇಲೆ ಅಕ್ಷರವಿರುವ ಗ್ರಂಥಗಳು ಸಿಕ್ಕವು, 5,048 ಸಂಪುಟ. ಒಂದು ಕಾಲಕ್ಕೆ ಬಟ್ಟಲು ಹಿಡಿದು ದರ್ಜೆ ಕೇಳಿ ಮೇಜು ಒದ್ದವನು ಇಲ್ಲಿ ಅಹವಾಲು ಹೇಳಿ ಸುಮ್ಮನೆ ನಿಲ್ಲುತ್ತಾನೆ. ಪಳಗಿದನೋ, ಜಾಣನಾದನೋ, ಇಲ್ಲಿ ಒದ್ದು ಪ್ರಯೋಜನವಿಲ್ಲವೆಂದು ಕಂಡುಕೊಂಡನೋ, ಕಾದಂಬರಿ ಬಾಯಿ ಬಿಡುವುದಿಲ್ಲ.

ಕಡೆಯ ಅಧ್ಯಾಯದಲ್ಲಿ ಪದವಿ ಪ್ರದಾನ. ಭಿಕ್ಷುವಿಗೆ ಬುದ್ಧಪದವಿ. ಮಂಗನಿಗೂ ಬುದ್ಧಪದವಿ, ‘ಯುದ್ಧವಿಜಯಿ ಬುದ್ಧ’. ಅವನು ಗುರುವಿನ ಹತ್ತಿರ, ಇನ್ನಾದರೂ ಈ ತಲೆಯ ಪಟ್ಟಿ ತೆಗೆಸಿ ಎನ್ನುತ್ತಾನೆ. ಮುಟ್ಟಿ ನೋಡಿಕೋ ಎನ್ನುತ್ತಾನೆ ಗುರು. ಪಟ್ಟಿ ಯಾವಾಗಲೋ ಹೋಗಿದೆ. ಹಂದಿಮೋರೆಯ ಶಿಷ್ಯ ಬಾಜಿಯೇಗೆ ಬುದ್ಧಪದವಿಯಿಲ್ಲ, ನೈವೇದ್ಯದ ಪೀಠಗಳನ್ನು ಶುಚಿಮಾಡುವ ಕೆಲಸ. ಅವನು ಅಲ್ಲೇ, ಸಭೆಯಲ್ಲೇ, ಗಟ್ಟಿಯಾಗಿ ಕೂಗುತ್ತಾನೆ: ಅವರಿಗೆಲ್ಲ ಬುದ್ಧಪದವಿ, ನನಗೇಕೆ ಪೀಠ ತೊಳೆಯುವ ಕೆಲಸ? ನಿನಗೆ ಹೊಟ್ಟೆಬಾಕತನವಿದೆ, ಉಳಿದ ನೈವೇದ್ಯವೆಲ್ಲ ನಿನ್ನದೇ, ಅದೇನು ಕಡಿಮೆಯೇ ಎಂದು ಬುದ್ಧ ಸಮಾಧಾನ ಹೇಳುತ್ತಾನೆ. ಬಾಜಿಯೇ ಅದಕ್ಕೆ ಏನೆಂದನೆಂದು ಪುಸ್ತಕದಲ್ಲಿ ಬರೆದಿಲ್ಲ.